ಗೂಡಿನ ಮುಂದೆ ಕ್ಯಾಮೆರಾ

1942ರ ಹೋರಾಟದಿಂದ ಹೆಸರಾದ ಈಸೂರು ಶಿಕಾರಿಪುರ ತಾಲ್ಲೂಕಿನದು. ನೆರೆಯ ತಾಲ್ಲೂಕು ಸೊರಬ. ಅಲ್ಲಿನ ಗುಡವಿ ಕೆರೆಯ ಮರಗಳಲ್ಲಿ ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ ಮೊದಲಾದ ಹಕ್ಕಿಗಳು ಗೂಡು ಕಟ್ಟುತ್ತವೆ. ಹತ್ತಿರ ಹೋದಷ್ಟೂ ಒಳ್ಳೆಯ ಚಿತ್ರ ದೊರೆಯುವುದೆಂದು ಛಾಯಾಗ್ರಾಹಕರಲ್ಲಿ ಕೆಲವರು ಬಗೆಯುತ್ತಾರೆ. ನನಗೆ ಅದು ಬೇಟೆಯಂತೆಯೇ ತೋರುತ್ತದೆ. ತಾಯಿಹಕ್ಕಿ ಬೆದರಿ ಹಾರಿದರೆ ಪುಕ್ಕ ಬಾರದ ಮರಿಯು ಮಳೆಗೆ ನೆನೆದೋ ಬಿಸಿಲಿಗೆ ಬಾಡಿಯೋ ಸಾಯಬಹುದು; ಮೊಟ್ಟೆಯು ಕಾಗೆಯ ಪಾಲಾಗಬಹುದು. ಆದುದರಿಂದ ಬಲ್ಲವರು ದೂರದಲ್ಲಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುತ್ತಾರೆ. ನಿಂತಲ್ಲಿಂದಲೇ ತೆಗೆದರೂ 400 ಮಿಲಿಮೀಟರಿನ ಮಸೂರವು 50 ಮಿಲಿಮೀಟರಿನದಕ್ಕಿಂತ ಎಂಟು ಪಟ್ಟು ದೊಡ್ಡ ಬಿಂಬವನ್ನು ಮೂಡಿಸುತ್ತದೆ. ಇಷ್ಟಾದರೂ ಕಾವಿಗೆ ಕುಳಿತ ಹಕ್ಕಿಯು ಕತ್ತು ನಿಗುರಿಸಿ ನಮ್ಮತ್ತ ನೋಡತೊಡಗಿದರೆ ಕ್ಯಾಮೆರಾವನ್ನು ಮಡಿಚಿ, ಸದ್ದಿಲ್ಲದೆ ಹಿಂದೆ ಸರಿಯಬೇಕು.