ಮತವೆಂಬ ಮಾತಿನ ವಿಚಾರ



ಚುನಾವಣೆ ಸಮೀಪಿಸಿತೆಂದರೆ ಮಠದ ಪಡಸಾಲೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಬುದ್ಧಿ, ಈ ಸಲ ಯಾರಿಗೆ ಮತ ಹಾಕಬೇಕು? ಅಪ್ಪಣೆಯಾಗಲಿ.’ ಉತ್ತರ ಕೊಡುವ ಮುನ್ನ ಆ ಮಾತಿನ ಅರ್ಥವನ್ನೇ ವಿಚಾರಿಸೋಣ.

ಮತ ಸಂಸ್ಕೃತ ಶಬ್ದ. ‘ಮನ್’ ಎಂದರೆ ತಿಳಿಯುವುದು, ಆಲೋಚಿಸುವುದು. ಆ ಧಾತುವಿಗೆ ‘ಕ್ತ’ ಪ್ರತ್ಯಯ ಸೇರಿ, ನಕಾರ ಲೋಪವಾಗಿ ‘ಮತ’ ಎಂದಾಯಿತು. ಆಲೋಚಿಸಿ ಒಪ್ಪಿದ್ದೇ ಮತ. ಮನಸ್ಸು, ಮತಿ, ಮನನ ಇವೆಲ್ಲ ಅದರ ಒಡಹುಟ್ಟುಗಳು. ಒಬ್ಬ ಆಚಾರ್ಯನ ಅಭಿಪ್ರಾಯವನ್ನು ಹಲವರು ಅನುಸರಿಸಿದಾಗ ಅದು ಸಿದ್ಧಾಂತ, ಪಂಥ ಎಂಬ ಅರ್ಥವನ್ನೂ ಪಡೆಯಿತು. ಶೈವಮತ, ದ್ವೈತಮತ ಎನ್ನುವುದು ಹೀಗೆ. ಪ್ರಜಾಪ್ರಭುತ್ವದಲ್ಲಿ ವೋಟಿಗೂ ಅದೇ ಹೆಸರು. ಇಂಗ್ಲಿಷಿನ ವೋಟು ಲ್ಯಾಟಿನ್ನಿನ ‘ವೋಟಂ’ನಿಂದ ಬಂದುದು, ಅದಕ್ಕೆ ಹರಕೆಯೆಂದರ್ಥ. ಅಲ್ಲಿ ದೇವರ ಮುಂದಿನ ಸಂಕಲ್ಪ, ಇಲ್ಲಿ ಮನಸ್ಸಿನ ನಿಶ್ಚಯ.

ಒಂದು ಶಬ್ದಕ್ಕೆ ಎರಡರ್ಥ ಬಂದಲ್ಲಿ ಒಂದು ಅಪಾಯವೂ ಉಂಟು: ಮತ ನೋಡಿ ಮತ ಹಾಕುವುದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಧರ್ಮ, ಜಾತಿಗಳ ಹೆಸರಿನಲ್ಲಿ ಮತ ಯಾಚಿಸುವುದನ್ನು ಭ್ರಷ್ಟ ಆಚರಣೆಯೆಂದು ಎಣಿಸುತ್ತದೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಕೇಳುವುದೂ ತಪ್ಪೆಂದು 2017ರಲ್ಲಿ ಸುಪ್ರೀಂ ಕೋರ್ಟು ಬಹುಮತದ ತೀರ್ಪಿತ್ತಿತು.

ಇನ್ನು ‘ಮತದಾನ’. ತನ್ನದನ್ನು ಮತ್ತೊಬ್ಬರದಾಗಿಸುವುದು ದಾನ. ಬೆಲೆ ಪಡೆದರೆ ಅದು ವಿಕ್ರಯ. ಪಾತ್ರಾಪಾತ್ರ ವಿವೇಚನೆಯಿಲ್ಲದೆ ಕೊಟ್ಟರೆ ವ್ಯರ್ಥ. ಎರವಲು ತಂದುದನ್ನಂತೂ ದಾನ ಮಾಡಲು ಬಾರದು. ಆದುದರಿಂದ ಕೊಡುವ ಮತ ನಿಮ್ಮದೇ ಆಗಿರಬೇಕು. ನಮ್ಮಿಂದ ಎರವಲು ಪಡೆದುದಾಗಬಾರದು.

ಹಿಂದೊಮ್ಮೆ ನಾವು ಒಬ್ಬರ ಹೆಸರು ಹೇಳಿದೆವು. ಊರು ಎರಡಾಯಿತು. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುತ್ತಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ಕುಳಿತರು. ಆ ಪಂಕ್ತಿ ಮತ್ತೆ ಕೂಡುವಷ್ಟರಲ್ಲಿ ಮೂರು ಜಾತ್ರೆ ಕಳೆದವು. ಆ ದೋಷ ನಮ್ಮದು.

ಮಠವೆಂದರೆ ವಿದ್ಯಾರ್ಥಿ ಮೊದಲಾದವರ ನಿಲಯವೆಂದು ಅಮರಕೋಶ ತಿಳಿಸುತ್ತದೆ. ಮಠ ನೆರಳು ಕೊಟ್ಟೀತು, ಪಾಠ ಹೇಳೀತು. ನಿಮ್ಮ ಬದಲಾಗಿ ಮನನ ಮಾಡಲಾರದು. ನಮ್ಮನ್ನು ‘ಬುದ್ಧಿ’ ಎಂದು ಕರೆಯುತ್ತೀರಿ. ಅದಕ್ಕಾಗಿ ನಿಮ್ಮ ಬುದ್ಧಿಯನ್ನು ಇಲ್ಲಿ ಒತ್ತೆಯಿಡಬೇಡಿರಿ. ಬಂದವರಿಗೆಲ್ಲ ವಿಭೂತಿ ಕೊಡುತ್ತೇವೆ; ಹೆಸರು ಕೊಡುವುದಿಲ್ಲ. ನೀವೇ ಆಲೋಚಿಸಿ ನಿಶ್ಚಯಿಸಿರಿ. ಅಪ್ಪಣೆ ಕೇಳಿದಿರಲ್ಲ, ಇದೇ ನಮ್ಮ ಅಪ್ಪಣೆ.