ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ

ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಎಂಬುದು ದೃಷ್ಟಿಗ್ರಹಿಕೆಯನ್ನು ಕುಂದಿಸುವ ಮಿದುಳಿನ ಕಾಯಿಲೆ. ಬಹುತೇಕ ರೋಗಿಗಳಲ್ಲಿ ಇದಕ್ಕೆ ಆಲ್‌ಝೈಮರ್ ಕಾಯಿಲೆಯೇ ಕಾರಣ. ಅಮೆರಿಕದ ನರವಿಜ್ಞಾನಿ ಫ್ರಾಂಕ್ ಬೆನ್ಸನ್ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಇದನ್ನು ವಿವರಿಸಿದರು.

ಕಣ್ಣು ಬಿಂಬವನ್ನು ಹಿಡಿಯುತ್ತದೆ. ಅದನ್ನು ಅರ್ಥೈಸುವುದು ಮಿದುಳು. ಹಿಂಭಾಗದ ಆಕ್ಸಿಪಿಟಲ್ ಹಾಲೆಯಿಂದ ಹೊರಡುವ ಮಾಹಿತಿಯ ಒಂದು ಧಾರೆ ಟೆಂಪೊರಲ್ ಹಾಲೆಗೆ ಸಾಗಿ ವಸ್ತು ಹಾಗೂ ಮುಖಗಳನ್ನು ಗುರುತಿಸಲು ನೆರವಾಗುತ್ತದೆ. ಇನ್ನೊಂದು ಪರೈಟಲ್ ಹಾಲೆಗೆ ಸಾಗಿ ಅವುಗಳ ಸ್ಥಾನ, ದೂರಗಳನ್ನು ತಿಳಿಸುತ್ತದೆ. ಈ ಭಾಗಗಳ ನರಕೋಶಗಳು ನಶಿಸಿದಾಗ ಓದುವುದು, ಮೆಟ್ಟಿಲಿಳಿಯುವುದು, ಎದುರಿಗಿರುವ ಲೋಟವನ್ನು ಹುಡುಕಿ ಎತ್ತಿಕೊಳ್ಳುವುದೂ ಕಷ್ಟವಾಗುತ್ತದೆ. ಆರಂಭದಲ್ಲಿ ನೆನಪಿನ ಶಕ್ತಿ ಬಹುಮಟ್ಟಿಗೆ ಉಳಿದಿರುವುದರಿಂದ ರೋಗಿಗಳು ಕನ್ನಡಕ ಬದಲಿಸುತ್ತಲೇ ಕಾಲ ಕಳೆಯುವುದುಂಟು, ರೋಗನಿರ್ಣಯ ತಡವಾಗುತ್ತದೆ.

ಈ ಕಾಯಿಲೆಗೆ ತುತ್ತಾದ ಆಂಗ್ಲ ಕಾದಂಬರಿಕಾರ ಟೆರ್ರಿ ಪ್ರಾಚೆಟ್ (1948–2015), ಟೈಪ್ ಮಾಡಲಾಗದಾದ ಮೇಲೆ ಬಾಯಿಂದ ಹೇಳಿ ಬರೆಯಿಸಿ ಕಾದಂಬರಿಗಳನ್ನು ರಚಿಸಿದರು.