ಅಳತೆ ಕೊಟ್ಟು ಹೊಲಿಸಿದ ಪ್ಯಾಂಟು

ಅಂಬೇಡ್ಕರ್ ಅವರ ಸೂಟಿನ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಅದು ವಿದೇಶಿ ವ್ಯಾಮೋಹ ಅನ್ನೋದು ಒಂದು. ಸ್ವಾಭಿಮಾನದ ಸಂಕೇತ ಅನ್ನೋದು ಇನ್ನೊಂದು. ಎರಡೂ ಕಡೆಯವರು ಬಟ್ಟೆಯನ್ನು ದೂರ ನಿಂತೇ ನೋಡುತ್ತಾರೆ. ಆ ಕಾಲದ ಉಣ್ಣೆ ಪ್ಯಾಂಟನ್ನು ಹೇಗೆ ಹೊಲೀತಿದ್ದರು ಅಂತ ಹತ್ತಿರದಿಂದ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ.

1920-30ರ ದಶಕಗಳ ಇಂಗ್ಲಿಷ್ ಪ್ಯಾಂಟು ಸಡಿಲವಾಗಿತ್ತು. ಪಟ್ಟಿ ಹೊಕ್ಕುಳಿನ ಹತ್ತಿರ ಕೂರುತ್ತಿತ್ತು. ಅದರ ಕೆಳಗೆ ಎರಡೂ ಕಡೆ ನೆರಿಗೆ. ಕೂತಾಗ ನೆರಿಗೆ ಬಿಚ್ಚಿಕೊಂಡು ತೊಡೆಗೆ ಜಾಗ ಕೊಡುತ್ತದೆ, ಎದ್ದಾಗ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ ಕಾಲಿಗೆ ಅಂಟದೆ ನೇರ ಇಳಿಯುತ್ತದೆ. 1925ರ ಸುಮಾರಿನ ‘ಆಕ್ಸ್‌ಫರ್ಡ್ ಬ್ಯಾಗ್ಸ್’ ಇದರ ಅತಿರೇಕ. ಉಣ್ಣೆ ಇದಕ್ಕೆ ಒಗ್ಗುವ ಬಟ್ಟೆ. ಅದರ ಎಳೆ ಹುಟ್ಟಿನಿಂದಲೇ ಗುಂಗುರು. ಮುದುರಿದರೂ ಚೇತರಿಸಿಕೊಳ್ಳುತ್ತದೆ, ಹಬೆ ಕೊಟ್ಟು ಇಸ್ತ್ರಿ ಒತ್ತಿದರೆ ಆಕಾರ ಹಿಡಿಯುತ್ತದೆ.

ಸಡಿಲಕ್ಕೂ ದೊಗಳೆಗೂ ವ್ಯತ್ಯಾಸವಿದೆ. ದೊಗಳೆ ಅಂದರೆ ಬೇರೆಯವನ ಅಳತೆ ನನ್ನ ಮೈಮೇಲೆ ಬಿದ್ದಿರೋದು. ಸಡಿಲ ಅಂದರೆ ನನ್ನ ಅಳತೆ, ಅದರ ಮೇಲೆ ಲೆಕ್ಕ ಹಾಕಿ ಬಿಟ್ಟ ಇಂಚು. ಸೊಂಟ, ಸೀಟು, ತೊಡೆ, ಒಳಗಾಲು, ಇಷ್ಟೂ ಗೊತ್ತಾಗಬೇಕಾದರೆ ಟೇಪು ಹಿಡಿದವನು ಮೈ ಮುಟ್ಟಲೇಬೇಕು.

ಜಾತಿ ವ್ಯವಸ್ಥೆ ತಡೆದದ್ದು ಇದನ್ನೇ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರಿಗೆ ಸತ್ತವರ ಬಟ್ಟೆಯನ್ನು ವಿಧಿಸುತ್ತದೆ, ಶೂದ್ರ ಸೇವಕನಿಗೆ ಹಳೇ ಬಟ್ಟೆಯನ್ನು. ಇನ್ನೊಬ್ಬನ ಅಳತೆಯಲ್ಲೇ ಬದುಕು ಅನ್ನೋದು ಇದರ ಅರ್ಥ. ನಮ್ಮಪ್ಪ ಹೈಸ್ಕೂಲಿಗೆ ಹೋದದ್ದು ಗೌಡರ ಮನೆ ಹುಡುಗನ ಹಳೇ ಪ್ಯಾಂಟಲ್ಲಿ, ಸೊಂಟಕ್ಕೆ ದಾರ ಬಿಗಿದುಕೊಂಡು. ಒಂದೇ ಒಂದು ಸಲ ಹೊಸದು ಹೊಲಿಸಿದಾಗ ಊರಿನ ದರ್ಜಿ ಟೇಪು ಮುಟ್ಟಲಿಲ್ಲವಂತೆ, ಜಗಲಿ ಮೇಲಿಂದಲೇ ಕಣ್ಣಳತೆ. “ದೊಗಳೆ ಆದ್ರೆ ಬೆಳೀತಾ ಸರಿಹೋಗ್ತದೆ, ಹೋಗ್ಲಾ” ಅಂದಿದ್ದನಂತೆ.

ಬಾಲಕ ಭೀಮರಾವ್ ಶಾಲೆಯಲ್ಲಿ ಕೂತದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಸತಾರಾದ ಕ್ಷೌರಿಕ ಮುಟ್ಟದ ಕಾರಣ ಕೂದಲು ಕತ್ತರಿಸುತ್ತಿದ್ದವಳು ಅಕ್ಕ. 1901ರಲ್ಲಿ ಹೊಸ ಅಂಗಿ, ಟೋಪಿ, ರೇಷ್ಮೆ ಅಂಚಿನ ಧೋತರ ತೊಟ್ಟು ಮಸೂರು ಸ್ಟೇಷನ್ನಿನಲ್ಲಿ ಇಳಿದ ಮಕ್ಕಳನ್ನು ಸ್ಟೇಷನ್ ಮಾಸ್ತರ ಬ್ರಾಹ್ಮಣರೆಂದೇ ತಿಳಿದ. ಮಹಾರರು ಅಂತ ಗೊತ್ತಾದ ಕೂಡಲೇ ಹಿಂದೆ ಸರಿದ. ಬಟ್ಟೆಯೊಂದರಿಂದಲೇ ಜಾತಿ ಹೋಗಲ್ಲ ಅನ್ನೋದು ಅವರಿಗೆ ಆಗಲೇ ತಿಳಿದಿತ್ತು. ತಿಳಿದೂ ಅವರು ಬಟ್ಟೆಯನ್ನು ಬಿಡಲಿಲ್ಲ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ದಿನಗಳಲ್ಲೇ, ಜಾತಿ ತೋರಿಸುವ ಸೀರೆಯ ಉಡಿಗೆಯನ್ನು ಬದಲಿಸಿ ಅಂತ ಹೆಣ್ಣುಮಕ್ಕಳಿಗೆ ಹೇಳಿದರು.

1931ರ ದುಂಡುಮೇಜಿನ ಪರಿಷತ್ತಿಗೆ ಗಾಂಧಿ ತುಂಡುಪಂಚೆಯಲ್ಲಿ ಬಂದರು, ಅಂಬೇಡ್ಕರ್ ಸೂಟಿನಲ್ಲಿ. ಗಾಂಧಿ 1888ರಲ್ಲಿ ಲಂಡನ್ನಿಗೆ ಹೋದಾಗ ಸೂಟು ಹೊಲಿಸಿ ತೊಟ್ಟವರೇ. 1921ರಲ್ಲಿ ಮಧುರೆಯಲ್ಲಿ ಉಡುಪನ್ನು ತ್ಯಜಿಸಿದರು. ತ್ಯಾಗಕ್ಕೆ ಮೊದಲು ಇರಬೇಕು. ಮೈಗೆ ಅಳತೆಯೇ ದಕ್ಕದವರು ತ್ಯಜಿಸೋದು ಏನನ್ನು?

ಕೆಲಸ ಸಿಕ್ಕಿದ ವರ್ಷ ನಾನೊಂದು ಉಣ್ಣೆ ಪ್ಯಾಂಟು ಹೊಲಿಸಿದೆ. ಅಪ್ಪನೂ ಜೊತೆಗಿದ್ದರು. ಪೇಟೆಯ ದರ್ಜಿ ತೊಡೆಗೆ ಟೇಪು ಸುತ್ತಿ, “ಎಷ್ಟು ಲೂಸ್ ಬಿಡ್ಲಿ ಸಾರ್?” ಅಂತ ಕೇಳಿದ. ಅಪ್ಪ ಟೇಪನ್ನೇ ನೋಡುತ್ತಾ ನಿಂತಿದ್ದರು. ವೇಷಭೂಷಣವನ್ನು ಓದುವ ನಮ್ಮ ವಿಮರ್ಶೆ ಈ ಪ್ರಶ್ನೆಯಿಂದ ಶುರುವಾಗಬೇಕು: ಅಳತೆ ಯಾರದು, ತೆಗೆದವನು ಮುಟ್ಟಿದನೇ?